ಕೆತ್ತಿದವನ ಹೆಸರು ಕಲ್ಲಿನ ಬುಡದಲ್ಲಿ

ಸೋಮನಾಥಪುರದ ಕೇಶವ ದೇವಾಲಯವನ್ನು ನೋಡಲು ಹೋದವರು ಸಾಮಾನ್ಯವಾಗಿ ಕತ್ತೆತ್ತಿಕೊಂಡೇ ಸುತ್ತು ಹಾಕುತ್ತಾರೆ. ಗೋಪುರ, ಒಳಛಾವಣಿ, ಗೋಡೆಯ ಮೇಲಿನ ದೇವತೆಗಳು ಎಲ್ಲವೂ ಮೇಲೆಯೇ ಇವೆಯಲ್ಲ! ಆದರೆ ಒಮ್ಮೆ ಕತ್ತು ಬಗ್ಗಿಸಿ ವಿಗ್ರಹಗಳ ಪೀಠವನ್ನೂ ನೋಡಬೇಕು. ಹಲವು ಪೀಠಗಳ ಮೇಲೆ ಅಂದಿನ ಕನ್ನಡ ಲಿಪಿಯಲ್ಲಿ ಪುಟ್ಟ ಪುಟ್ಟ ಬರಹಗಳಿವೆ. ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಇವು ದೇವರ ಹೆಸರುಗಳಲ್ಲ, ಕೆತ್ತಿದವರ ಹೆಸರುಗಳು. ಮಲ್ಲಿತಮ್ಮನ ಹೆಸರೊಂದೇ ಸುಮಾರು ನಲವತ್ತು ವಿಗ್ರಹಗಳಲ್ಲಿ ಸಿಗುತ್ತದೆ.

ಇಂದು ತಿ. ನರಸೀಪುರ ತಾಲ್ಲೂಕಿಗೆ ಸೇರಿರುವ ಈ ಊರಿನ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ಕಾಲ 13ನೇ ಶತಮಾನ. ಬೇಲೂರು, ಹಳೇಬೀಡುಗಳ ಜೊತೆಗೆ ಇದೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಣ ಕೊಟ್ಟು ಕಟ್ಟಿಸಿದವನ ಹೆಸರು ಊರಿಗೇ ಉಳಿಯಿತು; ಅದು ಎಲ್ಲ ಕಾಲದಲ್ಲೂ ನಡೆಯುವ ಮಾತು. ಉಳಿ ಹಿಡಿದವನ ಹೆಸರೂ ಉಳಿದದ್ದು ಮಾತ್ರ ವಿಶೇಷ. ಮಲ್ಲಿತಮ್ಮ ತನ್ನ ಕೆಲಸವನ್ನು ತರೀಕೆರೆಯ ಬಳಿಯ ಅಮೃತಾಪುರದ ದೇವಾಲಯದಲ್ಲಿ ಆರಂಭಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಆ ದೇವಾಲಯದ ಕಾಲ 1196. ಅಲ್ಲಿಂದ ಸೋಮನಾಥಪುರಕ್ಕೆ ಸುಮಾರು ಆರು ದಶಕಗಳ ಅಂತರ. ಅಂದರೆ ಆತ ಕೆಲಸ ಮಾಡುತ್ತಲೇ ಕಲಿತ, ಕಲಿಯುತ್ತಲೇ ಮುದುಕನಾದ, ಮುಗಿಸಿದ ಕೆಲಸದ ಕೆಳಗೆ ಹೆಸರು ಬರೆದ.

ಕಲಿಯುವುದು ಹೇಗೆ? ಕಲಿತದ್ದನ್ನು ನಾಲ್ಕು ಜನರಿಗೆ ತಿಳಿಸುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಂದು ಹೆಚ್ಚಾಗಿ ಕೇಳುತ್ತಿರುವವರು ಉಳಿ ಹಿಡಿದವರಲ್ಲ, ಕೀಲಿಮಣೆ ಹಿಡಿದವರು. ನಂಜನಗೂಡು, ತಿ. ನರಸೀಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರ ಮುಂದೆ ಇರುವ ದಾರಿಗಳು ಕೆಲವೇ. ಕೈಗಾರಿಕಾ ಪ್ರದೇಶದ ಕಾರ್ಖಾನೆ, ಬೆಳಗಿನ ಬಸ್ಸು ಹಿಡಿದು ಮೈಸೂರು, ಇಲ್ಲವೇ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು. ಇವುಗಳ ನಡುವೆ ಜಾಲತಾಣ ವಿನ್ಯಾಸ, ಅಂದರೆ ವೆಬ್ ಡಿಸೈನ್, ಮನೆಯಲ್ಲೇ ಕುಳಿತು ಮಾಡಬಹುದಾದ ಕಸುಬಾಗಿ ಕಾಣಿಸುತ್ತದೆ. ಬಂಡವಾಳ ಕಡಿಮೆ, ಒಂದು ಕಂಪ್ಯೂಟರು ಸಾಕು ಎಂಬ ಆಸೆ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡು ‘ಕೆಲಸ ಖಾತ್ರಿ’ ಎಂದು ಬೋರ್ಡು ಹಾಕುವವರೂ ಇದ್ದಾರೆ. ಮನೆಯವರು ಒಡವೆ ಅಡವಿಟ್ಟು ಶುಲ್ಕ ಕಟ್ಟುವ ಮುನ್ನ ಈ ಕಸುಬಿನ ಒಳಗುಟ್ಟನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೂರು ಪದರ

ಅಂತರಜಾಲದ ಪುಟ ಎಂಬುದು ಬಹಳ ಹಳೆಯದೇನಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿದ್ದ ಟಿಮ್ ಬರ್ನರ್ಸ್ ಲೀ 1989ರಲ್ಲಿ ಈ ಯೋಜನೆಯನ್ನು ಮುಂದಿಟ್ಟರು. 1991ರಲ್ಲಿ ಅದು ಹೊರಜಗತ್ತಿಗೆ ತೆರೆಯಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಯಾವ ಪುಟವನ್ನೇ ತೆಗೆದುಕೊಂಡರೂ ಅದರಲ್ಲಿ ಮೂರು ಪದರಗಳಿರುತ್ತವೆ. ಒಂದು ಮನೆಗೆ ಹೋಲಿಸಿದರೆ ಸುಲಭವಾಗಿ ಅರ್ಥವಾಗುತ್ತದೆ. ಗೋಡೆ, ಬಾಗಿಲು, ಕೋಣೆ ಎಂಬ ಕಟ್ಟಡದ ಭಾಗ ಎಚ್‌ಟಿಎಂಎಲ್. ಇದು ತಲೆಬರಹ, ಇದು ಪ್ಯಾರಾ, ಇದು ಚಿತ್ರ ಎಂದು ಅದು ಗುರುತಿಸುತ್ತದೆ. ಸುಣ್ಣ ಬಣ್ಣ, ಕೋಣೆಯ ಅಳತೆ, ಪೀಠೋಪಕರಣ ಇಡುವ ಕ್ರಮ ಸಿಎಸ್‌ಎಸ್. ಇದನ್ನು 1994ರಲ್ಲಿ ಸೂಚಿಸಿದವರು ನಾರ್ವೆಯ ಹೊಕೊನ್ ವಿಯುಮ್ ಲೀ. ಗುಂಡಿ ಒತ್ತಿದರೆ ದೀಪ ಹತ್ತುವ ವಿದ್ಯುತ್ ತಂತಿಯ ಕೆಲಸ ಜಾವಾಸ್ಕ್ರಿಪ್ಟಿನದು. ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು 1995ರಲ್ಲಿ ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು.

ಮನೆ ಕಟ್ಟುವಾಗ ಗೋಡೆ ಏಳುವ ಮೊದಲೇ ಯಾರೂ ದೀಪ ತೂಗುಹಾಕುವುದಿಲ್ಲ. ಆದರೆ ಹೊಸದಾಗಿ ಕಲಿಯುವವರು ಹೆಚ್ಚಾಗಿ ಮಾಡುವುದು ಅದನ್ನೇ. ಕುಣಿಯುವ ಅಕ್ಷರ, ಜಾರುವ ಚಿತ್ರಗಳ ಬೆನ್ನು ಹತ್ತಿ ಮೊದಲ ಪದರವನ್ನು ಅರೆಬರೆ ಬಿಡುತ್ತಾರೆ. ಕ್ರಮ ತಪ್ಪದೆ, ಮೊದಲ ಎರಡು ಪದರಗಳಿಗೆ ಕೆಲವು ತಿಂಗಳು ಕೊಟ್ಟು, ಆಮೇಲೆ ಮೂರನೆಯದಕ್ಕೆ ಹೋದರೆ ಮುಂದಿನ ದಾರಿ ನೇರವಾಗುತ್ತದೆ.

ಕಲಿಯಲು ಹಣವೇ ಬೇಕೆಂದಿಲ್ಲ. ಮೊಜಿಲ್ಲಾ ಸಂಸ್ಥೆ ಆರಂಭಿಸಿದ ಎಂಡಿಎನ್ ಎಂಬ ಕೈಪಿಡಿ 2005ರಿಂದ ಉಚಿತವಾಗಿ ಲಭ್ಯವಿದೆ. ನುರಿತವರೂ ಅನುಮಾನ ಬಂದಾಗ ತೆರೆಯುವುದು ಅದನ್ನೇ. 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ಮೊದಲ ಪಾಠದಿಂದ ಕೊನೆಯ ಅಭ್ಯಾಸದವರೆಗೆ ಎಲ್ಲವೂ ಉಚಿತ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಕೇಳಲೂ ಶುಲ್ಕವಿಲ್ಲ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಡಬ್ಲ್ಯು3ಸ್ಕೂಲ್ಸ್ ಎಂಬ ಜನಪ್ರಿಯ ತಾಣಕ್ಕೂ, ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟಕ್ಕೂ ಸಂಬಂಧವಿಲ್ಲ. ಮೊದಲನೆಯದರ ಪಾಠಗಳು ಉಪಯುಕ್ತವೇ. ಆದರೆ ಅದರ ಪ್ರಮಾಣಪತ್ರವನ್ನು ಎರಡನೆಯದರ ಮುದ್ರೆ ಎಂದು ಯಾರಾದರೂ ಹೇಳಿದರೆ ನಂಬಬಾರದು.

ನೋಡಿದ್ದು ಕಲಿತಂತಲ್ಲ

ಉಚಿತ ಪಾಠಗಳು ಇಷ್ಟಿದ್ದರೂ ಹಲವರು ನಡುವೆಯೇ ಕೈಬಿಡುವುದೇಕೆ? ಇದಕ್ಕೆ ಮನೋವಿಜ್ಞಾನದ ಒಂದು ಪ್ರಯೋಗ ಉತ್ತರ ಕೊಡುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಕೆಲವರು ಓದಿದ್ದನ್ನೇ ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಫಲಿತಾಂಶ ತಲೆಕೆಳಗು. ಮುಚ್ಚಿ ಬರೆದವರ ನೆನಪೇ ಹೆಚ್ಚು ಉಳಿದಿತ್ತು.

ವಿಡಿಯೋ ಪಾಠಗಳ ಮೋಸ ಇಲ್ಲೇ ಇದೆ. ಕಲಿಸುವವರು ಸರಾಗವಾಗಿ ಬರೆಯುತ್ತಾ ಹೋದಂತೆ ನೋಡುವವರಿಗೂ ಎಲ್ಲ ತಿಳಿದಂತೆಯೇ ಭಾಸವಾಗುತ್ತದೆ. ಮರುದಿನ ಖಾಲಿ ಪುಟದ ಮುಂದೆ ಕುಳಿತರೆ ಮೊದಲ ಸಾಲೂ ಹೊಳೆಯುವುದಿಲ್ಲ. ಹತ್ತು ನಿಮಿಷ ನೋಡಿ, ವಿಡಿಯೋ ನಿಲ್ಲಿಸಿ, ನೋಡದೆ ಬರೆಯಬೇಕು. ತಪ್ಪಾದಲ್ಲಿ ಮಾತ್ರ ಮತ್ತೆ ನೋಡಬೇಕು. ವಾರದ ಕೊನೆಗೆ ಅದೇ ಪುಟವನ್ನು ಮೊದಲಿನಿಂದ ಬರೆಯಬೇಕು. ಈಜು ಕಲಿಯಲು ಕಪಿಲೆಯ ಮೆಟ್ಟಿಲ ಮೇಲೆ ಕುಳಿತು ನೋಡಿದರೆ ಸಾಕಾಗುವುದಿಲ್ಲ, ಅಲ್ಲವೇ?

ಅಭ್ಯಾಸಕ್ಕೆ ವಿಷಯವನ್ನು ದೂರ ಹುಡುಕಬೇಕಾಗಿಲ್ಲ. ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆಗಳ ಸಂಗಮವಿದೆ; ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಎಂಬುದು ನಂಬಿಕೆ. 1989ರಲ್ಲಿ ಇಲ್ಲಿ ಆರಂಭವಾದ ಕುಂಭಮೇಳ 2019ರ ನಂತರ 2025ರ ಫೆಬ್ರವರಿಯಲ್ಲಿ ನಡೆಯಿತು. ಬಂದವರಿಗೆ ಸ್ನಾನದ ದಿನ, ಬಸ್ಸು ನಿಲ್ಲುವ ಜಾಗ, ಶೌಚಾಲಯ, ತಲಕಾಡಿಗೆ ದಾರಿ ಇಷ್ಟನ್ನು ಒಂದೇ ಪುಟದಲ್ಲಿ ಒದಗಿಸುವುದು ಹೇಗೆ? ಇದೊಂದು ಅಭ್ಯಾಸವಾಗಿ ಯಾವ ಪಠ್ಯಪುಸ್ತಕದ ಪ್ರಶ್ನೆಗೂ ಕಡಿಮೆಯಿಲ್ಲ. ಮಾಡಿದ ಪುಟಕ್ಕೆ ಊರಿನವರೇ ಪರೀಕ್ಷಕರು. ಅಜ್ಜಿಯೊಬ್ಬರ ಕೈಗೆ ಮೊಬೈಲು ಕೊಟ್ಟು, ಏನೂ ಹೇಳದೆ ಸುಮ್ಮನೆ ನೋಡಬೇಕು. ಅವರ ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ವಿನ್ಯಾಸದ ಲೋಪವಿದೆ.

ಒಂದು ಚಿತ್ರಕ್ಕೆ ಹತ್ತು ಲಕ್ಷ ಅಕ್ಷರ

ವಿನ್ಯಾಸವೆಂದರೆ ಅಂದಚೆಂದ ಮಾತ್ರ ಎಂಬ ಭಾವನೆ ಸಾಮಾನ್ಯ. ಅದರಲ್ಲಿ ಲೆಕ್ಕವೂ ಇದೆ. ಉದಾಹರಣೆಗೆ, ಕಂಪ್ಯೂಟರಿನಲ್ಲಿ ಇಂದು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಅರ್ಧ ಮಾಡುವ ಹಲಂತ ಚಿಹ್ನೆ, ಇನ್ನೊಂದು ನ, ಡ ಹೀಗೆ ಐದು ಚಿಹ್ನೆಗಳು. ಒಟ್ಟು 15 ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು ಮೆಗಾಬೈಟ್, ಅಂದರೆ ಸುಮಾರು 30 ಲಕ್ಷ ಬೈಟ್ ಇದೆಯೆಂದುಕೊಳ್ಳೋಣ. ಆ ಒಂದು ಚಿತ್ರದ ತೂಕ ಹತ್ತು ಲಕ್ಷ ಕನ್ನಡ ಚಿಹ್ನೆಗಳಿಗೆ ಸಮ! ದಪ್ಪ ದಪ್ಪ ಕಾದಂಬರಿಗಳೇ ಅದರಲ್ಲಿ ಅಡಗಿಬಿಡುತ್ತವೆ.

ಆ ಫೋಟೋ 4000 ಬಿಂದು ಅಗಲ, 3000 ಬಿಂದು ಎತ್ತರವಿದ್ದರೆ ಅದರಲ್ಲಿ 1.2 ಕೋಟಿ ಬಿಂದುಗಳಿರುತ್ತವೆ. ನೋಡುವವರ ಮೊಬೈಲ್ ಪರದೆಯ ಅಗಲ 1080 ಬಿಂದು ಎಂದಿಟ್ಟುಕೊಂಡರೆ, ಅದಕ್ಕೆ ತಕ್ಕಂತೆ 1080ಕ್ಕೆ 810 ಬಿಂದುಗಳಷ್ಟು ಕುಗ್ಗಿಸಿದರೆ ಸಾಕು. ಬಿಂದುಗಳ ಸಂಖ್ಯೆ ಒಂಬತ್ತು ಲಕ್ಷಕ್ಕೂ ಕೆಳಗಿಳಿಯುತ್ತದೆ; ಹದಿಮೂರು ಪಟ್ಟಿಗೂ ಹೆಚ್ಚು ಉಳಿತಾಯ. ಕಣ್ಣಿಗೆ ವ್ಯತ್ಯಾಸ ಕಾಣದು. ಆದರೆ ಸಿಗ್ನಲ್ ಕ್ಷೀಣವಾದ ಹಳ್ಳಿಯಲ್ಲಿ ನಿಂತವನಿಗೆ ಪುಟ ತೆರೆಯುವುದೋ ಇಲ್ಲವೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಇನ್ನೊಂದು ಲೆಕ್ಕ ಬಣ್ಣದ್ದು. ಬಿಳಿಯ ಮೇಲೆ ಕಪ್ಪು ಅಕ್ಷರದ ಹೊಳಪಿನ ಅಂತರವನ್ನು 21ಕ್ಕೆ 1 ಎಂದು ಅಳೆಯುತ್ತಾರೆ. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಕೋಣೆಯೊಳಗೆ ಸೊಗಸಾಗಿ ಕಾಣಬಹುದು. ಮಧ್ಯಾಹ್ನದ ಬಿಸಿಲಲ್ಲಿ ನಂಜನಗೂಡಿನ ಬಸ್ ನಿಲ್ದಾಣದ ಹೊರಗೆ ನಿಂತು ಓದಲು ಆಗುವುದಿಲ್ಲ. ಕಣ್ಣು ಮಂಜಾದ ಹಿರಿಯರಿಗಂತೂ ಅದು ಖಾಲಿ ಹಾಳೆಯೇ. ಮಾಹಿತಿ ತಂತ್ರಜ್ಞಾನವೂ ಅಂಗವಿಕಲರಿಗೆ ನಿಲುಕುವಂತಿರಬೇಕೆಂದು ಭಾರತದ 2016ರ ಕಾಯ್ದೆ ಹೇಳುತ್ತದೆ. ಆದ್ದರಿಂದ ಇದು ಬರಿಯ ಸೌಜನ್ಯದ ವಿಷಯವಲ್ಲ.

ಕನ್ನಡ ಬಲ್ಲ ವಿನ್ಯಾಸಕಾರ

ತಾಲ್ಲೂಕು ಕೇಂದ್ರದ ವಿನ್ಯಾಸಕಾರನಿಗೆ ಇರುವ ದೊಡ್ಡ ಆಸ್ತಿ ಕನ್ನಡ. ಅದನ್ನು ಆಸ್ತಿಯೆಂದು ತಿಳಿಯದವರೇ ಹೆಚ್ಚು.

ಕನ್ನಡ ಜಾಲಕ್ಕೆ ಬಂದ ಕಥೆ ಸ್ವಾರಸ್ಯಕರ. 1996ರಲ್ಲಿ ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ‘ನುಡಿ’ಯಲ್ಲಿ ಅದೇ ಬಳಕೆಯಾಯಿತು. ಆದರೆ ಆ ದಿನಗಳಲ್ಲಿ ಒಂದೊಂದು ತಂತ್ರಾಂಶದ ಅಕ್ಷರ ಸಂಕೇತವೂ ಒಂದೊಂದು ಬಗೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಂದು ಹಾಗೆ ಸಿದ್ಧವಾದ ಪುಟಗಳು ಇಂದು ಎಲ್ಲಾದರೂ ಉಳಿದಿದ್ದರೂ ಓದಲು ಬಾರವು, ಹುಡುಕಿದರೆ ಸಿಗವು.

ಇದಕ್ಕೆ ಪರಿಹಾರವಾದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಸಾಮಾನ್ಯ ಬಳಕೆದಾರರ ಕೈಗೆ ಅದು ತಲುಪಲು ಮಾತ್ರ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು.

ಇಷ್ಟಾದರೂ ಇಂದಿಗೂ ಕನ್ನಡ ಬರಹವನ್ನು ಚಿತ್ರವನ್ನಾಗಿ ಮಾಡಿ ಪುಟಕ್ಕೆ ಅಂಟಿಸುವವರಿದ್ದಾರೆ. ‘ಅಕ್ಷರ ಒಡೆಯುತ್ತೆ ಸಾರ್, ಅದಕ್ಕೇ ಹೀಗೆ’ ಎಂಬುದು ಅವರ ಸಮಜಾಯಿಷಿ. ಚಿತ್ರದೊಳಗಿನ ಬರಹವನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶ ಬರಹವೆಂದು ಗ್ರಹಿಸುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಮಸುಕಾಗುತ್ತದೆ, ದೂರವಾಣಿ ಸಂಖ್ಯೆ ಬದಲಾದರೆ ಚಿತ್ರವನ್ನೇ ಮತ್ತೆ ಮಾಡಬೇಕು. ಸರಿಯಾದ ಉಪಾಯ ಬೇರೆಯೇ ಇದೆ.

ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಎರಡೆರಡು ಒತ್ತುಗಳು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತರ ಕೊಟ್ಟರೆ ಬರಹ ಉಸಿರಾಡುತ್ತದೆ. ಇಂಗ್ಲಿಷಿನ ಓರೆ ಅಕ್ಷರ ಕನ್ನಡದ ಸಂಪ್ರದಾಯದಲ್ಲಿಲ್ಲ. ಬ್ರೌಸರ್ ಬಲವಂತವಾಗಿ ಓರೆ ಮಾಡಿದ ಕನ್ನಡ ಅಂದಗೆಡುತ್ತದೆ. ಒತ್ತು ಕೊಡಬೇಕಾದಲ್ಲಿ ದಪ್ಪ ಅಕ್ಷರ ಅಥವಾ ಬಣ್ಣ ಸಾಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ತಡೆಚಿಹ್ನೆ ಇರಬೇಕು; ಇಲ್ಲವಾದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಈ ಪುಟ ಕನ್ನಡದ್ದು ಎಂಬ ಗುರುತನ್ನು ಸಂಕೇತದಲ್ಲಿ ಬರೆಯಬೇಕು. ಓದಿ ಹೇಳುವ ತಂತ್ರಾಂಶ ಕನ್ನಡದ ಉಚ್ಚಾರಣೆಯನ್ನು ಆರಿಸಿಕೊಳ್ಳುವುದು ಅದನ್ನು ನೋಡಿಯೇ. ಇವು ಸಣ್ಣ ಸಂಗತಿಗಳಂತೆ ತೋರಬಹುದು. ಆದರೆ ಬೆಂಗಳೂರಿನ ದೊಡ್ಡ ಕಂಪನಿಯ ಕನ್ನಡ ಪುಟಗಳಲ್ಲೂ ಇವು ತಪ್ಪಿರುವುದನ್ನು ಕಾಣಬಹುದು. ಬಲ್ಲವರಿಗೆ ಅಲ್ಲೇ ಕೆಲಸವಿದೆ.

ಹಿತ್ತಲ ಗಿಡ ಮದ್ದಲ್ಲವೇ?

ಕಲಿತದ್ದಾಯಿತು. ಇನ್ನು ತಿಳಿಸುವ ಮಾತು. ಇಲ್ಲಿ ನಮ್ಮ ಕಡೆಯವರಿಗೆ ಒಂದು ಸಂಕೋಚ. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಮಾತನ್ನು ಕೇಳಿಯೇ ಬೆಳೆದವರು ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ತುಂಬಿದ ಕೊಡ ತುಳುಕದಿರಲಿ; ಆದರೆ ಕೊಡ ಎಲ್ಲಿದೆಯೆಂದು ಬಾಯಾರಿದವರಿಗೆ ಗೊತ್ತಾಗಬೇಡವೇ?

ನಂಜನಗೂಡಿನಲ್ಲೇ ಇದಕ್ಕೆ ಎರಡು ಹಳೆಯ ನಿದರ್ಶನಗಳಿವೆ. ಎರಡೂ 1913ರವು. ಆ ವರ್ಷ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿಗೆ ಭತ್ತದ ಹೊಟ್ಟು ಮೂಲವಸ್ತು. ಊರಲ್ಲಿ ಸುಲಭವಾಗಿ ಸಿಗುವ ವಸ್ತುವಿನಿಂದ ಮಾಡಿದ ಆ ಪುಡಿ ‘ನಂಜನಗೂಡು ಹಲ್ಲುಪುಡಿ’ ಎಂದೇ ಮನೆಮಾತಾಯಿತು. ಊರಿನ ಹೆಸರೇ ಅದರ ಗುರುತು. ಅದೇ 1913ರಲ್ಲಿ ನಂಜನಗೂಡು ತಿರುಮಲಾಂಬ ಅವರು ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ ಕಲಿತ ಹೆಣ್ಣುಮಗಳು ಅವರು. ಯಾರೋ ಪ್ರಕಟಿಸಲಿ ಎಂದು ಕಾಯದೆ ತಾವೇ ಪ್ರಕಾಶಕಿಯಾದರು, ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿಯಾದರು. ಹೆಣ್ಣು ಹೊಸಿಲು ದಾಟುವುದೇ ಕಷ್ಟವಾಗಿದ್ದ ಕಾಲವದು. ಮನೆಯಿಂದಲೇ ಕೆಲಸ ಮಾಡಿ ಹೆಸರು ಉಳಿಸಿಕೊಳ್ಳುವುದು ಈ ಊರಿಗೆ ಹೊಸದೇನಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇವರಿಬ್ಬರ ರೀತಿಯಲ್ಲಿ ಒಂದು ಸಾಮ್ಯವಿದೆ. ಮಾತಿಗಿಂತ ಮೊದಲು ಜನರ ಕೈಗೆ ವಸ್ತು ಬಂತು. ಒಬ್ಬರದು ಪೊಟ್ಟಣ, ಇನ್ನೊಬ್ಬರದು ಪುಸ್ತಕ. ವಿನ್ಯಾಸಕಾರರಿಗೂ ಇದೇ ದಾರಿ. ‘ನುರಿತ ವೆಬ್ ಡಿಸೈನರ್’ ಎಂದು ನೂರು ಕಾರ್ಡು ಅಚ್ಚು ಹಾಕಿಸುವುದಕ್ಕಿಂತ ಚೆನ್ನಾಗಿ ಮಾಡಿದ ಮೂರು ಪುಟಗಳನ್ನು ತೋರಿಸುವುದು ಲೇಸು.

ಒಂದು ಉದಾಹರಣೆ ನೋಡೋಣ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆದರೆ ಪನಾಮಾ ಸೊರಗು ರೋಗದಿಂದ ಅದರ ಬೆಳೆ ಬಹಳ ಕುಗ್ಗಿತು. ಇಂದಿಗೂ ಅದನ್ನು ಬೆಳೆಯುವ ರೈತರೊಬ್ಬರು ನೇರವಾಗಿ ಗಿರಾಕಿಗಳಿಗೆ ಮಾರಬೇಕೆಂದಿದ್ದಾರೆ ಎಂದಿಟ್ಟುಕೊಳ್ಳೋಣ. ಬಿ.ಎಸ್ಸಿ ಮುಗಿಸಿದ ಹುಡುಗಿಯೊಬ್ಬಳು ಪುಟ ಮಾಡಿಕೊಡಲು ಒಪ್ಪುತ್ತಾಳೆ. ಮೊದಲ ದಿನ ಅವಳು ಕಂಪ್ಯೂಟರ್ ಮುಟ್ಟಬಾರದು. ತೋಟಕ್ಕೆ ಹೋಗಿ, ‘ನಿಮಗೆ ಫೋನ್ ಮಾಡೋರು ಮೊದಲು ಏನು ಕೇಳ್ತಾರೆ ಅಣ್ಣ?’ ಎಂದು ವಿಚಾರಿಸಬೇಕು. ‘ಹಣ್ಣು ಈಗ ಇದೆಯಾ, ಕೆ.ಜಿ.ಗೆ ಎಷ್ಟು, ನಮ್ಮೂರಿಗೆ ಕಳಿಸ್ತೀರಾ, ನಿಜವಾಗಿ ರಸಬಾಳೆನೇನಾ, ಇಷ್ಟೇ ಕಣವ್ವ’ ಎಂದು ಅವರು ಹೇಳಿದರೆ ಪುಟದ ನಕ್ಷೆ ಅಲ್ಲೇ ಸಿದ್ಧವಾಯಿತು. ಆ ನಾಲ್ಕು ಉತ್ತರಗಳೂ ಒಂದು ದೂರವಾಣಿ ಸಂಖ್ಯೆಯೂ ಮೊಬೈಲಿನ ಮೊದಲ ಪರದೆಯಲ್ಲೇ ಕಾಣಬೇಕು. ತೋಟದ ಇತಿಹಾಸ, ಅಜ್ಜನ ಫೋಟೋ ಎಲ್ಲ ಆಮೇಲೆ.

ಕೆಲಸ ಮುಗಿದ ಮೇಲೆ ಅವಳು ತನ್ನ ತಾಣದಲ್ಲಿ ಆ ಪುಟದ ಚಿತ್ರವನ್ನಷ್ಟೇ ಹಾಕಿದರೆ ಸಾಲದು. ಗಿರಾಕಿಯ ತೊಂದರೆ ಏನಿತ್ತು, ಅವಳು ಏನು ಮಾಡಿದಳು, ಏಕೆ ಹಾಗೆ ಮಾಡಿದಳು, ಆಮೇಲೆ ಏನು ಬದಲಾಯಿತು ಎಂಬುದನ್ನು ಒಂದು ಪುಟದಷ್ಟು ಬರೆಯಬೇಕು. ವಿಜ್ಞಾನ ತರಗತಿಯ ಪ್ರಯೋಗ ಪುಸ್ತಕದಲ್ಲಿ ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನ ಎಂದು ಬರೆಯುತ್ತಾರಲ್ಲ, ಹಾಗೆ. ಅದನ್ನು ಓದಿದ ಮುಂದಿನ ಗಿರಾಕಿಗೆ ‘ಈಕೆ ನನ್ನ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ’ ಎಂಬ ನಂಬಿಕೆ ಹುಟ್ಟುತ್ತದೆ. ಇಲ್ಲದ ಗಿರಾಕಿಯ ಹೊಗಳಿಕೆಯನ್ನು ತಾನೇ ಬರೆದು ಹಾಕುವುದು ಮಾತ್ರ ಕೂಡದು. ಸಣ್ಣ ಊರಿನಲ್ಲಿ ಅಂತಹ ಸುಳ್ಳು ಎರಡು ಸಂತೆ ದಾಟುವುದಿಲ್ಲ.

ಹೆಸರು ಗಳಿಸಲು ಇನ್ನೂ ಕೆಲವು ಖರ್ಚಿಲ್ಲದ ದಾರಿಗಳಿವೆ. ಊರಿನ ಸ್ಮಾರಕಗಳ ಒಳ್ಳೆಯ ಫೋಟೋ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಿದರೆ ತೆಗೆದವರ ಹೆಸರು ಅಲ್ಲಿ ಉಳಿಯುತ್ತದೆ. ಮುಕ್ತ ತಂತ್ರಾಂಶಗಳ ಕನ್ನಡ ಅನುವಾದಕ್ಕೆ ಕೈಜೋಡಿಸಿದರೆ ಆ ದಾಖಲೆಯೂ ಉಳಿಯುತ್ತದೆ. ತಾವು ಓದಿದ ಪ್ರೌಢಶಾಲೆಯಲ್ಲಿ ಶನಿವಾರ ಒಂದು ಗಂಟೆ ಪುಟ ಬರೆಯುವುದನ್ನು ಹೇಳಿಕೊಟ್ಟರೆ ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ. ಅವರ ಅಪ್ಪ ಅಮ್ಮಂದಿರಲ್ಲೇ ಅಕ್ಕಿ ಗಿರಣಿಯವರು, ಕಲ್ಯಾಣ ಮಂಟಪದವರು, ಬಟ್ಟೆ ಅಂಗಡಿಯವರು ಇರುತ್ತಾರೆ. ಹೇಳಿಕೊಡುವುದರಿಂದ ತನ್ನ ಕಲಿಕೆಯೂ ಗಟ್ಟಿಯಾಗುತ್ತದೆ ಎಂಬುದು ಅನುಭವಸ್ಥರ ಮಾತು.

ಬಾಯಿ ಮಾತು ಬೇಡ

ಸ್ನೇಹಿತರು, ನೆಂಟರು, ಪರಿಚಯದವರಿಂದಲೇ ಮೊದಲ ಕೆಲಸ ಬರುತ್ತದೆ. ಜಗಳವೂ ಅಲ್ಲೇ ಮೊದಲು ಬರುತ್ತದೆ. ‘ನಮ್ಮ ಹುಡುಗ ತಾನೆ, ಮಾಡಿಕೊಡ್ತಾನೆ’ ಎಂಬ ಸಲಿಗೆಯಲ್ಲಿ ದರವೂ ಮಾತಾಗಿರುವುದಿಲ್ಲ, ಗಡುವೂ ಇರುವುದಿಲ್ಲ. ಹಾಗಾಗದಂತೆ ಒಂದೇ ಹಾಳೆಯಲ್ಲಿ ಎಷ್ಟು ಪುಟ, ಎಷ್ಟು ದಿನ, ಎಷ್ಟು ಸಲ ತಿದ್ದುಪಡಿ, ಎಷ್ಟು ಹಣ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಹಣವನ್ನು ಮುಂಗಡ, ನಡುವೆ, ಮುಗಿದ ಮೇಲೆ ಎಂದು ಮೂರು ಕಂತು ಮಾಡುವುದು ಇಬ್ಬರಿಗೂ ಕ್ಷೇಮ. ಪುಕ್ಕಟೆ ಕೆಲಸ ಮಾಡಲೇಬೇಕೆಂದರೆ ಒಂದು ಸರ್ಕಾರಿ ಶಾಲೆಗೋ ಗ್ರಂಥಾಲಯಕ್ಕೋ ಮಾಡಿಕೊಡಲಿ. ಪುಟದ ಬುಡದಲ್ಲಿ ಮಾಡಿದವರ ಹೆಸರು ಹಾಕಲು ಒಪ್ಪಿಗೆ ಪಡೆಯಲಿ. ಲಾಭಕ್ಕೆ ನಡೆಯುವ ಅಂಗಡಿಗೆ ‘ಪ್ರಚಾರ ಸಿಗುತ್ತೆ’ ಎಂಬ ಮಾತಿನ ಮೇಲೆ ದುಡಿಯಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ವಿಳಾಸದ ಒಡೆತನ. ಜಾಲತಾಣದ ವಿಳಾಸವನ್ನು ಅಂದರೆ ಡೊಮೈನ್ ಹೆಸರನ್ನು ಸಾಮಾನ್ಯವಾಗಿ ವರ್ಷ ವರ್ಷ ಹಣ ಕಟ್ಟಿ ನವೀಕರಿಸಬೇಕು. ವಿನ್ಯಾಸಕಾರ ಅದನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿಟ್ಟು, ಆಮೇಲೆ ಊರು ಬಿಟ್ಟು ಹೋದರೆ ಅಂಗಡಿಯವರ ಗತಿ? ವರ್ಷಗಟ್ಟಲೆ ಬೋರ್ಡು, ಬಿಲ್ಲು, ಚೀಲಗಳ ಮೇಲೆ ಅಚ್ಚು ಹಾಕಿಸಿದ ವಿಳಾಸ ಒಂದು ದಿನ ಇನ್ನಾರದೋ ಪಾಲಾಗಬಹುದು. ವಿಳಾಸ ಗಿರಾಕಿಯ ಹೆಸರಿನಲ್ಲಿ, ಗಿರಾಕಿಯ ಇ-ಮೇಲ್ ಮತ್ತು ದೂರವಾಣಿಗೆ ಸೇರಿ ನೋಂದಣಿಯಾಗಬೇಕು. ಪಾಸ್‌ವರ್ಡ್‌ಗಳನ್ನು ಕೆಲಸ ಮುಗಿದ ದಿನವೇ ಒಪ್ಪಿಸಬೇಕು. ಹೀಗೆ ಮಾಡುವವರು ಯಾರೆಂಬುದು ಪೇಟೆಬೀದಿಯಲ್ಲಿ ತಾನಾಗಿ ಹಬ್ಬುತ್ತದೆ. ಇದಕ್ಕಿಂತ ದೊಡ್ಡ ಜಾಹೀರಾತಿಲ್ಲ.

ಇನ್ನು, ಒಂದು ವಾಕ್ಯ ಹೇಳಿದರೆ ಇಡೀ ಪುಟವನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆಯಲ್ಲ, ಈ ಕಸುಬಿಗೆ ಭವಿಷ್ಯವಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಮಾದರಿ ನೋಡಿ ಅಂಟಿಸುವುದಷ್ಟನ್ನೇ ಕಲಿತವರಿಗೆ ಕಷ್ಟವಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಸಾಧನ ತೋಟಕ್ಕೆ ಹೋಗಿ ರೈತರನ್ನು ಮಾತನಾಡಿಸುವುದಿಲ್ಲ, ಅಜ್ಜಿಯ ಬೆರಳು ಎಲ್ಲಿ ತಡವರಿಸಿತೆಂದು ನೋಡುವುದಿಲ್ಲ, ಬರೆದದ್ದು ತಪ್ಪಾದರೆ ಹೊಣೆ ಹೊರುವುದಿಲ್ಲ. ಮೂರು ಪದರಗಳನ್ನು ಬಲ್ಲವರಿಗೆ ಅದು ಒಳ್ಳೆಯ ಸಹಾಯಕ; ಬಲ್ಲದವರಿಗೆ ಒಗಟು. ಅದು ಬರೆದುಕೊಟ್ಟ ಸಾಲುಗಳಲ್ಲಿ ಒಂದೊಂದೂ ಏಕಿದೆ ಎಂದು ಹೇಳಲು ಬಂದರೆ ಮಾತ್ರ ಅದನ್ನು ಗಿರಾಕಿಗೆ ಕೊಡಬೇಕು.

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ 이ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಈ ಸೀಮೆಯ ಹಿರಿಯರು ಹೇಳುತ್ತಾರೆ. ಗುಲಗಂಜಿ ಎಷ್ಟು ತೂಗೀತು? ಅಕ್ಕಸಾಲಿಗರ ತಕ್ಕಡಿಯಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಕುಳಿತು ಪುಟ ಮಾಡುವವರು ಬೆಂಗಳೂರನ್ನು ಬಂಡವಾಳದಲ್ಲಿ ಮೀರಿಸಲಾರರು. ಗಿರಾಕಿಯ ಮಾತು ಬಲ್ಲೆ, ಅವರ ಗಿರಾಕಿಯ ಮಾತೂ ಬಲ್ಲೆ, ಕರೆದರೆ ಸಂಜೆಯೊಳಗೆ ಬರಬಲ್ಲೆ ಎಂಬಷ್ಟು ಹೆಚ್ಚು ತೂಗಿದರೆ ಸಾಕು. ಈ ವಾರ ಮೊದಲ ಪದರದ ಮೊದಲ ಪಾಠ ತೆರೆಯಲಿ. ಹೆಸರು ಕೆತ್ತುವ ಕೆಲಸಕ್ಕೆ ಇನ್ನೂ ಸಮಯವಿದೆ.